ಒಂದು ಪಿಸ್ತೂಲು, ಎರಡು ನಳಿಗೆ, ಹಾಲನ ಕುತ್ತಿಗೆ

ಉದಕಮಂಡಲದ ಮಾನ್ಯ ಜಿಲ್ಲಾ ಮ್ಯಾಜಿಸ್ಟ್ರೇಟರೇ,

ನನ್ನ ತಂಗಿ ಲಿಂಗಿಯನ್ನು ಕೊಂದವನು ಅವಳ ಗಂಡ ಹಾಲನೇ ಎಂದು ತೀರ್ಮಾನಿಸಿ, ಅವನನ್ನು ಕೊಲೆ ವಿಚಾರಣೆಗೆ ಕೊಯಮತ್ತೂರಿನ ಸೆಷನ್ಸ್ ಕೋರ್ಟಿಗೆ ಕಳಿಸಲು ತಾವು ಆಜ್ಞೆ ಮಾಡಿದ್ದೀರಿ. ಶುದ್ಧ ಸುಳ್ಳು, ಸ್ವಾಮೀ! ಕೊಂದದ್ದು ಕೀಳ್ ಕೋತಗಿರಿಯ ಚಹಾ ಎಸ್ಟೇಟ್ ಸಾಹೇಬರ ಪಿಸ್ತೂಲು. ಆಜ್ಞೆಯಾದ ಮೇಲೆ ಈ ಮಾತು ಮತ್ತೆ ಹೇಳಲು ಬಂದ ನನ್ನನ್ನು ತಮ್ಮ ಜವಾನರು ಮೆಟ್ಟಿಲಿಂದ ಕೆಳಕ್ಕೆ ತಳ್ಳಿದರು. ಅದಕ್ಕೇ ಮೈಸೂರಿನ ಪತ್ರಿಕೆಯಲ್ಲಿ ಕೂಗುತ್ತಿದ್ದೇನೆ.

ತಮ್ಮ ತರ್ಕ ಎಷ್ಟು ಸೊಗಸು! ಸಾಹೇಬರ ಪರವಾನಗಿಯಲ್ಲಿರುವುದು ದೊಡ್ಡ ಗುಂಡಿನ ಪಿಸ್ತೂಲು. ಲಿಂಗಿಯ ಕತ್ತು ಕೊಯ್ದು ಡಾಕ್ಟರು ತೆಗೆದದ್ದು ಅವರೆಕಾಳಿಗಿಂತ ಸಣ್ಣ ಗುಂಡು. ಆದ್ದರಿಂದ ಸಾಹೇಬರು ನಿರಪರಾಧಿ. ನಮ್ಮ ಹಟ್ಟಿಯಲ್ಲಿ ಕೋವಿ ಇರುವುದು ಹಾಲನೊಬ್ಬನ ಹತ್ತಿರ, ಆದ್ದರಿಂದ ಅವನೇ ಕೊಲೆಗಾರ. ಆ ಕೋವಿಯನ್ನು ಒಮ್ಮೆಯಾದರೂ ಕಣ್ಣಿಂದ ನೋಡಿದ್ದೀರಾ? ಆಲೂಗಡ್ಡೆ ಹೊಲಕ್ಕೆ ನುಗ್ಗುವ ಹಂದಿಗಳನ್ನು ಓಡಿಸಲು ಮದ್ದು ಜಡಿದು ಹಾರಿಸುವ ಅಜ್ಜನ ಕಾಲದ ಕೋವಿ ಅದು. ಅದರ ಬಾಯೊಳಗೆ ನನ್ನ ಹೆಬ್ಬೆರಳು ಹೋಗುತ್ತದೆ. ಆ ಸಣ್ಣ ಗುಂಡನ್ನು ಅದಕ್ಕೆ ಹಾಕಿ ಬಗ್ಗಿಸಿದರೆ ಉರುಳಿ ಪಾದದ ಮೇಲೆ ಬೀಳುತ್ತದೆ.

ಸಾಹೇಬರ ಪಿಸ್ತೂಲಿಗೆ ನಳಿಗೆ ಎರಡು. ಬಂಗಲೆಗೆ ಆಲೂಗಡ್ಡೆ ಹಾಕಲು ಹೋದಾಗ, ಅವರು ದೊಡ್ಡದನ್ನು ಬಿಚ್ಚಿ ಚಿಕ್ಕದನ್ನು ಕೂರಿಸುವುದನ್ನು ನಾನೇ ಕಂಡಿದ್ದೇನೆ. ದೊಡ್ಡ ತೋಟಾ ದುಬಾರಿ, ಚಿಕ್ಕದು ಅಗ್ಗ. ಬಂಗಲೆಯಿಂದ ತೋಟದ ಕಡೆಗೆ ಹಾರಿಸಿ ಗುರಿ ಕಲಿಯಲು ಅಗ್ಗದ್ದೇ ಸಾಕಂತೆ. ಆಹಾ, ಎಂಥ ಮಿತವ್ಯಯ! "ಇದು ಆಟದ ನಳಿಗೆ, ಸೊಳ್ಳೆ ಕಚ್ಚಿದ ಹಾಗೆ ಅಷ್ಟೇ. ಎಲೆ ಕೀಳೋದು ನಿಲ್ಲಿಸಬೇಡಿ" ಎಂದು ಬಟ್ಲರ್ ಗೋಪಾಲನ್ ನಮ್ಮ ಹೆಂಗಸರಿಗೆಲ್ಲ ಹೇಳಿ ಹೋದ. ಪಾಪ, ನಂಬಿದರು. ದೊಡ್ಡ ನಳಿಗೆ ಢಂ ಎಂದರೆ ಗಿಡಗಳ ಸಾಲಿನಲ್ಲಿ ಬೋರಲು ಬೀಳುವರು. ಚಿಕ್ಕದು ಚಟ್ ಎಂದರೆ ಯಾರೂ ತಲೆ ಕೂಡ ತಗ್ಗಿಸುತ್ತಿರಲಿಲ್ಲ. ಇದನ್ನೆಲ್ಲ ತಮ್ಮ ಮುಂದೆ ಸಾಕ್ಷಿ ಹೇಳಿದೆ. ಪರವಾನಗಿಯಲ್ಲಿ ಇಲ್ಲದ ನಳಿಗೆ ಇಲ್ಲವೇ ಇಲ್ಲ ಎಂದುಬಿಟ್ಟಿರಿ.

ಲಿಂಗಿ ಸತ್ತ ಸಂಜೆ ನಾನು, ತೋಟದಲ್ಲಿ ಎಲೆ ಕೀಳುತ್ತಿದ್ದ ಅವಳ ಬುಟ್ಟಿ ಹೊರಲು ಹೋಗಿದ್ದೆ. ಚಟ್ ಎಂದಿತು. "ಸಾಹೇಬರು ಸೊಳ್ಳೆ ಹೊಡೀತಾ ಇದ್ದಾರೆ, ಅಣ್ಣಾ" ಎಂದು ನಕ್ಕಳು. ಇನ್ನೊಂದು ಚಟ್. ಅವಳ ಕತ್ತಿನಿಂದ ರಕ್ತ ಚಿಮ್ಮಿ ನನ್ನ ಮುಖಕ್ಕೆ ಬಡಿಯಿತು. ಅಂಗೈ ಒತ್ತಿ ಹಿಡಿದೆ. ಬೆರಳ ಸಂದಿಯಿಂದ ನುಗ್ಗಿ ಬಂತು. ಬುಟ್ಟಿಯ ಎಲೆಯೆಲ್ಲ ಕೆಂಪಾಯಿತು. ಆ ಎಲೆಯನ್ನೂ ತೊಳೆದು ಫ್ಯಾಕ್ಟರಿಗೆ ಕಳಿಸಿದರು, ಥೂ! ಹೆಣದ ಪಕ್ಕ ಅಳುತ್ತಿದ್ದ ಹಾಲನನ್ನು ತಮ್ಮ ಪೊಲೀಸರು ಕೂದಲು ಹಿಡಿದು ಎಳೆದು, ಬಂದೂಕಿನ ಹಿಡಿಯಿಂದ ಹಲ್ಲು ಉದುರುವಂತೆ ಜಜ್ಜಿದರು. "ಒಪ್ಪಿಕೋ" ಎಂದರು. "ಅವಳನ್ನ ಕಳಿಸಿಕೊಡೋವರೆಗಾದರೂ ಬಿಡಿ, ಸ್ವಾಮೀ" ಎಂದ ಅವನು, ಒಡೆದ ಬಾಯಲ್ಲೇ. ಬಿಡಲಿಲ್ಲ.

ನಮ್ಮಲ್ಲಿ ಸಾವಿನ ದಿನ ಹಿರಿಯರೊಬ್ಬರು ಸತ್ತವರ ಪಾಪಗಳನ್ನು ಎಲ್ಲರೆದುರು ಹೇಳಿ ಒಂದು ಕರುವಿನ ಮೇಲೆ ಹೊರಿಸುತ್ತಾರೆ. ಆಮೇಲೆ ಆ ಕರುವನ್ನು ಬಿಟ್ಟುಬಿಡುತ್ತೇವೆ. ಅದನ್ನು ಯಾರೂ ದುಡಿಸುವಂತಿಲ್ಲ. ತಾವೂ ಸಾಹೇಬರ ಪಾಪವನ್ನು ಹಾಲನ ಮೇಲೆ ಹೊರಿಸಿದ್ದೀರಿ, ಆದರೆ ಹೊರಿಸಿ ಕಟ್ಟಿಹಾಕಿದ್ದೀರಿ. ತಮ್ಮವರು ನಮ್ಮನ್ನು ಕಾಡುಜನ ಎನ್ನುತ್ತಾರೆ. ನಾವು ಕರುವಿಗೂ ಹಗ್ಗ ಬಿಚ್ಚುತ್ತೇವೆ.

ನನ್ನ ಬೇಡಿಕೆ ಒಂದೇ. ಆ ಚಿಕ್ಕ ನಳಿಗೆಯನ್ನು ಬಂಗಲೆಯಿಂದ ತರಿಸಿ, ಲಿಂಗಿಯ ಕತ್ತಿನ ಗುಂಡನ್ನು ತಮ್ಮ ಕೈಯಿಂದಲೇ ಅದರ ಬಾಯಿಗೆ ಇಟ್ಟು ನೋಡಿ. ಹೊಂದಿದರೆ ಹಾಲನನ್ನು ಬಿಟ್ಟು ಸಾಹೇಬರನ್ನು ಹಿಡಿಯಿರಿ. ಹೊಂದದಿದ್ದರೆ ಹಾಲನ ಜೊತೆ ನನ್ನನ್ನೂ ನೇಣಿಗೆ ಹಾಕಿ. ನೋಡದೆಯೇ ಅವನನ್ನು ಕೊಂದಿರೋ, ಅವನ ಸಾವಿನ ದಿನ ಪಾಪ ಹೇಳುವ ಹೊತ್ತಿಗೆ ತಮ್ಮ ಆಜ್ಞೆಯನ್ನೇ ಓದಿಸುತ್ತೇನೆ. ಆ ದಿನ ಆ ಪಾಪ ಹೊರಲು ನಾನು ಕರು ತರುವುದಿಲ್ಲ.

ಇಂತಿ,
ತಂಗಿಯ ರಕ್ತ ಮುಖಕ್ಕೆ ಬಿದ್ದರೂ ಏನನ್ನೂ ನೋಡಿಲ್ಲವೆಂದು ತಮ್ಮಿಂದ ಅನ್ನಿಸಿಕೊಂಡ
ಬೆಳ್ಳಿ, ಲಿಂಗಿಯ ಅಣ್ಣ
ಕೀಳ್ ಕೋತಗಿರಿ