ಬಿಸ್ಕತ್ತಿನ ಡಬ್ಬಿಯ ಒಡವೆ

ಗುರುವಾರ, ಮಾರ್ಚ್ ೧೪

ಇಂದು ಬೆಳಿಗ್ಗೆ ವರ್ತಕರ ಸಂಘದವರು ಮಾರುಕಟ್ಟೆಯ ‘ನಂಬಿಕೆಯ ಅಂಗಡಿಗಳು’ ಫಲಕದಿಂದ ನಮ್ಮ ರಿಪೇರಿಯವನ ಹೆಸರು ಅಳಿಸಿದರು. ಚೆನ್ನಾಗಿರುವ ಭಾಗ ಕಿತ್ತು ಹೊಸದು ಹಾಕುತ್ತಾನೆಂದು ಯಾರೋ ದೂರು ಕೊಟ್ಟರಂತೆ. ಅವನನ್ನು ಒಂದು ಮಾತೂ ಕೇಳಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ನಾನು ಮೊದಲ ಸಲ ಫ್ಯಾನು ಒಯ್ದಾಗ, ತೆಗೆದ ಹಳೆಯ ಭಾಗವನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟಿದ್ದ.

“ಈ ಕಸ ನನಗ್ಯಾಕಪ್ಪಾ?”

“ಹಾಳಾಗಿತ್ತೋ ಇಲ್ವೋ ನೀವೇ ನೋಡ್ಬೇಕಲ್ಲ ಸಾರ್.”

ಅಂದಿನಿಂದ ನಿನ್ನೆಯವರೆಗೆ ಒಮ್ಮೆಯೂ ತಪ್ಪಿಸಿರಲಿಲ್ಲ. ವ್ಯಾಪಾರದ ಗುಟ್ಟು ಹೇಳುವ ಪುಸ್ತಕಗಳು ನನ್ನ ಕಪಾಟಿನ ತುಂಬ ಇವೆ. ಅವನ ಅಂಗಡಿ ಮಾತ್ರ ನಿಂತಿರುವುದು ಆ ಪೊಟ್ಟಣದ ಮೇಲೆ. ಸವೆದ ಬೇರಿಂಗು, ಸುಟ್ಟ ಸ್ವಿಚ್ಚು ಎಲ್ಲವನ್ನೂ ನನ್ನವಳು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದಾಳೆ. “ಒಡವೆ ಕೇಳಿದ್ರೆ ಇವರು ತಂದುಕೊಟ್ಟಿದ್ದು ಇದು” ಎಂದು ನೆಂಟರಿಗೆಲ್ಲ ತೋರಿಸುತ್ತಾಳೆ.

ಸಂಜೆ ಇಸ್ತ್ರಿಪೆಟ್ಟಿಗೆ ತರಲು ಹೋದೆ. “ಬಿಡಿ ಸಾರ್, ಹೆಸರು ತಾನೆ ಅಳಿಸಿದ್ದು, ಕೈ ಕಟ್ಟಿಲ್ವಲ್ಲ” ಎಂದು ನಕ್ಕ. ಮನೆಗೆ ಬಂದು ನೋಡಿದರೆ ಚೀಲದಲ್ಲಿ ಪೊಟ್ಟಣವಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಮರೆತಿದ್ದ. ಅವನಿಗೆಷ್ಟು ನೋವಾಗಿದೆಯೆಂದು ಆಗ ತಿಳಿಯಿತು.

ಊಟಕ್ಕೆ ಕೂತು ನನ್ನವಳಿಗೆ ಎಲ್ಲ ಹೇಳಿದೆ. ಅವಳೇ ಡಬ್ಬಿ ತಂದು ಮೇಜಿನ ಮೇಲಿಟ್ಟಳು. “ಒಡವೆ ಜೋಪಾನ ರೀ, ವಾಪಸ್ ತನ್ನಿ.”

ಭಾನುವಾರ ಸಂಘದ ಸಭೆಯಲ್ಲಿ ಅಧ್ಯಕ್ಷರ ಮುಂದೆ ಇದನ್ನು ಸುರಿಯುತ್ತೇನೆ. ಹಾಳಾಗದ ಒಂದೇ ಒಂದು ಭಾಗ ಆರಿಸಿ ತೋರಿಸಲಿ. ಆಗದಿದ್ದರೆ ಅಳಿಸಿದ ಕೈಯಿಂದಲೇ, ಎಲ್ಲರೆದುರು, ಆ ಹೆಸರನ್ನು ಮತ್ತೆ ಬರೆಯಲಿ.