ಸುಡದ ಇಟ್ಟಿಗೆಯ ಗೋಡೆ

ಕಳಲೆ
೧೪ ಜುಲೈ ೨೦೨೪, ಭಾನುವಾರ

ಸಿಂಧು ಅಪ್ಪನವರಿಗೆ,

ಇಂದ್ರಾಣಿ ಮಾಡುವ ನಮಸ್ಕಾರಗಳು. ನಾನೂ ಮಗಳು ಸಿಂಧುವೂ ಚೆನ್ನಾಗಿದ್ದೇವೆ. ನೀವು ಮುನಿಸಿಕೊಂಡು ಸೋಸಲೆಯ ನಿಮ್ಮ ಅಕ್ಕನ ಮನೆ ಸೇರಿ ಒಂದೂವರೆ ತಿಂಗಳಾಯಿತು. ಫೋನ್ ಮಾಡಿದರೆ ಅತ್ತಿಗೆಯವರು ಎತ್ತಿ, "ಅವ್ನು ಒಲದ ತಾವ್ಕೆ ಓಗವ್ನೆ ಕಣವ್ವ" ಎನ್ನುತ್ತಾರೆ. ಹಿಂದೆಯೇ ನಿಮ್ಮ ಕೆಮ್ಮು ಕೇಳಿಸುತ್ತದೆ. ಅದಕ್ಕೇ ಈ ಕಾಗದ. ನಿಮ್ಮನ್ನು ವಾಪಸ್ ಕರೆಯಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಸುದ್ದಿ ತಿಳಿಸಲು, ಅಷ್ಟೆ.

ಹದಿನೈದು ವರ್ಷ ನೀವು ಗೋಡೆ ಕಟ್ಟಿದಿರಿ, ನಾನು ನಿಮ್ಮ ಹಿಂದೆ ಗಾರೆ ಬಾಂಡ್ಲಿ ಹೊತ್ತೆ. ಈಗ ನಮ್ಮೂರ ಅಂಗನವಾಡಿ ಕಟ್ಟಡಕ್ಕೆ ಹೆಂಗಸರನ್ನೇ ಸೇರಿಸಿ ತರಬೇತಿ ಕೊಟ್ಟು, ನನ್ನನ್ನು ಮೇಸ್ತ್ರಿ ಮಾಡಿದರು. ನಿಮಗೂ ಕೆಲಸವಿದೆ ಎಂದು ಇಂಜಿನಿಯರ್ ಕೋಮಲ ಮೇಡಂ ಹೇಳಿದ್ದಕ್ಕೆ, ಅವರ ಎದುರಿಗೇ ನೀವು, "ಎಂಡ್ತಿ ಕೈಕೆಳ್ಗೆ ನಾನು ಕರಣೆ ಇಡಿಯಾಕಿಲ್ಲ. ಅದೂ ಸುಡ್ದೇ ಇರೋ ಇಟ್ಗೆಗೆ! ಮೊದಲ್ನೇ ಮಳೆಗೇ ಅಂಬ್ಲಿ ಆಯ್ತದೆ" ಎಂದು ಬಸ್ ಹತ್ತಿದಿರಿ.

ಆಗಿಲ್ಲ. ಮೂರು ಮಳೆ ಬಿದ್ದಿದೆ.

ಪಾಯ ತೆಗೆದ ಮಣ್ಣಿಗೇ ಕಲ್ಲುಪುಡಿ, ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ತೆಗೆದು, ಮೂರು ವಾರ ಒದ್ದೆ ಗೋಣಿ ಹೊದಿಸುತ್ತೇವೆ. ಗೂಡು ಹಾಕಿ ಸುಡುವುದಿಲ್ಲ. ಸೌದೆಯೂ ಇಲ್ಲ, ಹೊಗೆಯೂ ಇಲ್ಲ. ಲೋಕದ ಬಿಸಿ ಅಷ್ಟು ಕಡಿಮೆಯಾಗುತ್ತದೆ ಎನ್ನುತ್ತಾರೆ ಮೇಡಂ. ಲೋಕದ್ದು ನನಗೆ ತಿಳಿಯದು, ಆ ಯಂತ್ರದ ಹಿಡಿ ಎಳೆದರೆ ನಮ್ಮ ಮೈ ಮಾತ್ರ ಕಾದ ಹೆಂಚು.

ಒಬ್ಬರೇ ಎಳೆದರೆ ಹಿಡಿ ಬಗ್ಗುವುದೇ ಇಲ್ಲ. ಮೇಲಿನ ಬೀದಿಯ ಸಿದ್ದಲಿಂಗಮ್ಮ ಮೊದಲ ದಿನ ತನ್ನ ನೀರಿನ ಬಾಟಲಿ ತಂದು, ನಮ್ಮ ಬೀದಿಯವರಿಂದ ಹತ್ತಡಿ ದೂರ ಕೂತಿದ್ದಳು. ಕೆಲಸಕ್ಕೆ ಅವಳ ಜೋಡಿ ಬಿದ್ದದ್ದು ನಮ್ಮ ಪಕ್ಕದ ಮನೆ ಪಾಪಮ್ಮ. ಪಾಪಮ್ಮನ ತೂಕ ನಿಮಗೆ ಗೊತ್ತು. ನಡುವೆ ಪಾಪಮ್ಮ ಬೆವರು ಒರೆಸಲು ಕೈ ಬಿಟ್ಟಳು ನೋಡಿ, ಹಿಡಿ ಸರ್ರನೆ ಮೇಲೆದ್ದು, ಅದರ ಜೊತೆ ಸಿದ್ದಲಿಂಗಮ್ಮನೂ ಮೇಲೆದ್ದಳು! "ಅಯ್ಯೋ, ಇಡ್ಕೊಳ್ಳೇ ಪಾಪಿ!" ಎಂದು ಗಾಳಿಯಲ್ಲೇ ಕೂಗು. ಪಾಪಮ್ಮ ಅವಳ ಸೊಂಟಕ್ಕೆ ಕೈ ಹಾಕಿ, ಹಲಸಿನಕಾಯಿ ಇಳಿಸಿದಂತೆ ಇಳಿಸಿದಳು. ಗಾಬರಿಯಲ್ಲಿ ಸಿದ್ದಲಿಂಗಮ್ಮ ಪಾಪಮ್ಮನ ಚೊಂಬಿನಿಂದಲೇ ಗಟಗಟ ಕುಡಿದಳು. ಕುಡಿದಾದ ಮೇಲೆ ಎಲ್ಲರ ಮುಖ ನೋಡಿದಳು. ಪಾಪಮ್ಮ, "ಇನ್ನೊಸಿ ಉಯ್ಯಲಾ?" ಎಂದಳು. ಈಗ ದಿನಾ ಮಧ್ಯಾಹ್ನ ಪಾಪಮ್ಮನ ಉಪ್ಸಾರಿಗೆ ಮೊದಲು ಮುದ್ದೆ ಹಿಡಿದು ಕೂರುವವಳು ಅವಳೇ.

ನಗುವ ಹಾಗಿಲ್ಲದ ದಿನವೂ ಒಂದು ಬಂತು. ಮೇಲಿನ ಬೀದಿ ಯಜಮಾನ ಕಲ್ಲಯ್ಯನವರು ಜನ ಸೇರಿಸಿ, "ಮಕ್ಳ ತಲೆ ಮ್ಯಾಲೆ ಮಣ್ಣು ಬೀಳ್ತದೆ. ಒಂದಿಟ್ಗೆ ನೀರಲ್ಲಿ ನೆನಾಕಿ. ಕರಗುದ್ರೆ ಕೆಲ್ಸ ನಿಲ್ಸಿ ಕಂಟ್ರಾಕ್ಟ್‌ರಿಗೆ ಕೊಟ್ಬುಡಿ" ಎಂದು ಪಟ್ಟು ಹಿಡಿದರು. ನಾವು ಹನ್ನೆರಡು ಹೆಂಗಸರು ಸೇರಿ ಒಂದು ಡ್ರಮ್ಮಿಗೆ ನೀರು ತುಂಬಿದೆವು. ಕಲ್ಲಯ್ಯನವರೇ ಆರಿಸಿದ ಇಟ್ಟಿಗೆ ಡ್ರಮ್ಮಿಗೆ ಬಿತ್ತು. ಮಾರನೇ ದಿನ ಅವರೇ ತೆಗೆದು, ತಿರುಗಿಸಿ ನೋಡಿ, ಉಗುರಲ್ಲಿ ಕೆರೆದು, ಸಮಾಧಾನವಾಗದೆ ಎತ್ತಿ ನೆಲಕ್ಕೆ ಬಿಟ್ಟರು. ಅದು ಬಿದ್ದದ್ದು ಅವರ ಚಪ್ಪಲಿಯ ತುದಿಯ ಮೇಲೆ. ದೇವರ ದಯೆ, ಬೆರಳು ಉಳಿಯಿತು. ಚಪ್ಪಲಿಯ ಉಂಗುಷ್ಟ ಕಿತ್ತು ಬಂತು, ಇಟ್ಟಿಗೆಯ ಮೂಲೆ ಕೂಡ ಮುಕ್ಕಾಗಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಚಪ್ಪಲಿ ಹಿಡಿದು ಹೋಗುತ್ತ ನನ್ನ ಹತ್ತಿರ ಮೆಲ್ಲಗೆ, "ನಮ್ ದನದ ಕೊಟ್ಗೇನೂ ಇದ್ರಲ್ಲೇ ಕಟ್ಬೌದೇನವ್ವ?" ಎಂದು ಕೇಳಿದರು.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಪಡುವಣ ಗೋಡೆಯ ಒಂದು ಮೂಲೆ ಎರಡು ಬೆರಳು ವಾಲಿತ್ತು. ಗಾಲಿಕುರ್ಚಿಯಲ್ಲಿ ಕೂತೇ ದಾರ ಹಿಡಿದು ಸಾಲು ನೋಡುವ ದೇವೀರಮ್ಮ, "ಮೇಸ್ತ್ರಮ್ಮಾ, ನಿನ್ ಗೋಡೆ ಸೋಸ್ಲೆ ಕಡೀಕೆ ವಾಲ್ತಾ ಅದೆ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಸಂಜೆಯೊಳಗೆ ಬಿಚ್ಚಿ ಮತ್ತೆ ಕಟ್ಟಿದೆ.

ಗೋಡೆ ಕೆಲಸದಲ್ಲಿ ಕಿಟಕಿಗಳ ಮೇಲಿನ ಕಮಾನು ಮಾತ್ರ ಉಳಿದಿದೆ. ಅದಕ್ಕೆ ಪಳಗಿದ ಕೈ ಬೇಕು. ಗಂಡಾಳಿಗೂ ಹೆಣ್ಣಾಳಿಗೂ ಇಲ್ಲಿ ಒಂದೇ ಕೂಲಿ. ಮೇಸ್ತ್ರಿ ಸ್ವಲ್ಪ ಜೋರು, ಆದರೆ ಕೆಟ್ಟವಳಲ್ಲ ಎಂದು ಆಳುಗಳು ಹೇಳುತ್ತಾರೆ.

ನಿಮ್ಮ,
ಇಂದ್ರಾಣಿ ಮೇಸ್ತ್ರಿ

ಮತ್ತೆ: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಹೋದ ಗುರುವಾರ ನಾವು ಊಟಕ್ಕೆ ಹೋಗಿದ್ದಾಗ, ತಲೆಗೆ ಟವೆಲ್ ಸುತ್ತಿದ ಯಾರೋ ಬಂದು ಗೋಡೆ ನೆಟ್ಟಗಿದೆಯೇ ಎಂದು ನಾಲ್ಕೂ ಮೂಲೆಗೆ ತೂಕದ ಗುಂಡು ಇಳಿಬಿಟ್ಟು ನೋಡಿದರಂತೆ. ದೇವೀರಮ್ಮ ಗೋಡೆಯ ಆಚೆಯೇ ಇದ್ದಳು. "ಗೋಡೆ ಸವರ್ಬುಟ್ಟು, ಒಬ್ರೇ ನಗಾಡ್ಕೊಂಡು ಒಂಟೋದ್ರು ಕಣಕ್ಕ" ಎಂದಳು. ತಪ್ಪು ಸಿಕ್ಕಿದ್ದರೆ ಊರಿಗೆಲ್ಲ ಕೇಳಿಸದೆ ಹೋಗುವವರಲ್ಲ ನೀವು. ಮುಂದಿನ ಸಲ ಹಸಿದುಕೊಂಡು ಹೋಗಬೇಡಿ, ಮನೆಗೆ ಬನ್ನಿ.