ಎಡಗಾಲಿಗೊಂದು ಸ್ವರ

ಮಾರ್ಚ್ 3, ಬೆಳಿಗ್ಗೆ 6.40
ಮತ್ತೆ ಅದೇ ಎಂಟು ಸ್ವರ. ಐದನೆಯದು ಇನ್ನೂ ಕೂಡುತ್ತಿಲ್ಲ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಎಲ್ಲಿಗೋ ಹಾರುತ್ತದೆ. ಟಿಫಿನ್ ಡಬ್ಬಿಯಷ್ಟಿರುವ ಸಿಂತ್, ಕರೆಂಟಿನಿಂದ ಸ್ವರ ಹುಟ್ಟಿಸುವ ಪೆಟ್ಟಿಗೆ, ಹನ್ನೊಂದು ಕೇಬಲ್. ಈ ತೂತಿನಿಂದ ಆ ತೂತಿಗೆ ಸಿಕ್ಕಿಸುತ್ತಾ ಹೋದರೆ ರಾಗ ತಾನಾಗಿ ಸುತ್ತತೊಡಗುತ್ತದೆ. ದೊಡ್ಡಮ್ಮನ ಬಾಯಲ್ಲಿ ಅದು "ಟೆಲಿಫೋನ್ ಎಕ್ಸ್‌ಚೇಂಜ್".

ಪಕ್ಕದ ಕೋಣೆಯಲ್ಲಿ ದೊಡ್ಡಪ್ಪ. ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು. ಎಡಭಾಗಕ್ಕೆ ಲಕ್ವ ಹೊಡೆದು ಮೂರು ತಿಂಗಳು. ಬಾತ್‌ರೂಮಿಗೂ ದೊಡ್ಡಮ್ಮನೇ ಹೆಗಲು ಕೊಡಬೇಕು. ಅವಳ ಸೊಂಟ ಹಿಡಿದುಹೋಗಿದೆ. ಬಾಗಿಲು ಹಾಕುವ ಹಾಗಿಲ್ಲ. ಆ ನಾಚಿಕೆಗೆ ದೊಡ್ಡಪ್ಪ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ.

ಮಾರ್ಚ್ 4
ವ್ಯಾಯಾಮ ಮಾಡಿಸುವ ಮೇಡಂ ಬಂದಿದ್ದರು. ಹೀಗೇ ಕೂತರೆ ಕಾಲು ಬಿಗಿದುಹೋಗುತ್ತದೆ ಎಂದರು. ಹಜಾರದಲ್ಲಿ ನಾಲ್ಕು ಹೆಜ್ಜೆ ಹಾಕಿಸಿದರು. ನನ್ನ ಸಿಂತ್ ಓಡುತ್ತಲೇ ಇತ್ತು, ನಿಲ್ಲಿಸಲು ಮರೆತಿದ್ದೆ. ಬಲಗಾಲು ತಾಳಕ್ಕೆ ಸರಿಯಾಗಿ ಬಿತ್ತು. ಎಡಗಾಲು ತಡ. ಮತ್ತೆ ಬಲ, ಸರಿ. ಎಡ, ಅಷ್ಟೇ ತಡ. ಮೇಡಂ ಗಮನಿಸಲಿಲ್ಲ. ನಾನು ಗಮನಿಸಿದೆ.

ಮಾರ್ಚ್ 5, ಸಂಜೆ
ನಾನು ಕೆಲಸ ಮಾಡುವ ಹಿಯರಿಂಗ್ ಏಡ್ ಅಂಗಡಿಯಲ್ಲಿ ಇಡೀ ದಿನ ಗಿರಾಕಿಗಳ ಕಿವಿಗೆ ಬೀಪ್ ಕೇಳಿಸುತ್ತಾ ಒಂದೇ ಯೋಚನೆ — ಸ್ವಿಂಗ್ ಗುಂಡಿ! ಒಂದು ಬಿಟ್ಟು ಒಂದು ಸ್ವರವನ್ನು ತಡ ಮಾಡುವುದೇ ಅದರ ಕೆಲಸ. ದೊಡ್ಡಪ್ಪ ಕುಂಟುವಷ್ಟೇ ರಾಗವೂ ಕುಂಟಲಿ. ಆಮೇಲೆ ದಿನಕ್ಕಿಷ್ಟು, ಅವರಿಗೆ ಗೊತ್ತಾಗದ ಹಾಗೆ, ಗುಂಡಿ ಹಿಂದಕ್ಕೆ ತಿರುಗಿಸುತ್ತಾ ಹೋದರೆ ಎಡಗಾಲೂ ಹಿಂದೆಯೇ ಬಂದೀತು.

ಮಾರ್ಚ್ 9
ಕುಂಟುವ ರಾಗಕ್ಕೆ ಹನ್ನೆರಡು ಹೆಜ್ಜೆ! ದೊಡ್ಡಪ್ಪನದೊಂದು ದೂರು. ರಾಗ ಕೆಟ್ಟದಾಗಿದೆಯಂತೆ. ಮೊದಲ ದಿನ ಟೈಪಿಂಗ್ ಕ್ಲಾಸಿಗೆ ಬಂದವರ ಬೆರಳಿನ ಹಾಗೆ ತಡವರಿಸುತ್ತದಂತೆ. ಅದು ನಿಮ್ಮದೇ ನಡಿಗೆ ಎಂದು ಹೇಳಲಿಲ್ಲ. ಒಳಗೆ ಹೋಗಿ ನಕ್ಕೆ.

ಮಾರ್ಚ್ 18
ಸ್ವಿಂಗ್ ಅರ್ಧಕ್ಕಿಳಿದಿದೆ. ಎಡಗಾಲು ಈಗ ಅಷ್ಟು ತಡವಿಲ್ಲ. ಆದರೆ ಎಳೆಯುತ್ತಾರೆಯೇ ಹೊರತು ಎತ್ತುವುದಿಲ್ಲ.

ಮಾರ್ಚ್ 19
ಹೋಯಿತು. ದೊಡ್ಡಮ್ಮ ಮೇಜು ಒರೆಸಲೆಂದು ಹನ್ನೊಂದೂ ಕೇಬಲ್ ಕಿತ್ತು, ಅಚ್ಚುಕಟ್ಟಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಾಳೆ. ಗುಂಡಿಗಳನ್ನೂ ತಿಕ್ಕಿದ್ದಾಳೆ. ಈ ಸಿಂತ್‌ಗೆ ಏನೂ ನೆನಪಿರುವುದಿಲ್ಲ, ಕಿತ್ತರೆ ಮುಗಿಯಿತು. ಬೈಯಲು ಬಾಯಿ ತೆರೆದೆ.
"ಧೂಳು ಕೂತಿತ್ತು ಕಣೇ," ಎಂದಳು, ಸೊಂಟ ಹಿಡಿದುಕೊಂಡು. ಒರೆಸುವ ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡೆ.

ಮಾರ್ಚ್ 23
ಮೂರು ದಿನ ಮುಟ್ಟಲಿಲ್ಲ. ಇವತ್ತು ಅಂದಾಜಿನ ಮೇಲೆ ಜೋಡಿಸಿದೆ. ಯಾವುದೋ ಕೇಬಲ್ ಒಂದು ತೂತು ಆಚೀಚೆ ಆಯಿತು — ಎಂಟರ ಬದಲು ಏಳಕ್ಕೇ ರಾಗ ಮತ್ತೆ ಮೊದಲಿಗೆ. ಸರಿಮಾಡುವಷ್ಟರಲ್ಲಿ ದೊಡ್ಡಪ್ಪ ಎದ್ದು ನಿಂತಾಗಿತ್ತು.

ಎಂಟಿದ್ದಾಗ ಆ ಹಾರುವ ಐದನೆಯ ಸ್ವರ, ಎಲ್ಲಕ್ಕಿಂತ ಎತ್ತರದ್ದು, ಯಾವಾಗಲೂ ಬಲಗಾಲಿಗೇ ಬೀಳುತ್ತಿತ್ತು. ಏಳಾದ್ದರಿಂದ ಒಂದು ಸುತ್ತು ಬಲಕ್ಕೆ, ಮುಂದಿನ ಸುತ್ತು ಎಡಕ್ಕೆ! ಎಡಕ್ಕೆ ಬಿದ್ದಾಗ ಪಾದ ನೆಲ ಬಿಟ್ಟಿತು. ನಿಜವಾಗಿ. ಒಂದು ಬೆರಳಿನಷ್ಟು. ದೊಡ್ಡಮ್ಮನೂ ನೋಡಿದಳು. ಇನ್ನು ಧೂಳು ಎಷ್ಟೇ ಕೂರಲಿ ಮುಟ್ಟಬೇಡ ಎಂದೆ. ಮುಟ್ಟಲ್ಲ ಎಂದು ಎರಡು ಸಲ ಹೇಳಿದಳು.

ಏಪ್ರಿಲ್ 6, ಬೆಳಿಗ್ಗೆ 7.10
ಸ್ವಿಂಗ್ ಸೊನ್ನೆಗೆ ಬಂದು ಎರಡು ದಿನ. ಈಗಷ್ಟೇ ದೊಡ್ಡಪ್ಪ ಕೋಲು ಹಿಡಿದು ಹಜಾರ ದಾಟಿದರು. ದೊಡ್ಡಮ್ಮ ಹೆಗಲು ಕೊಡಲು ಓಡಿದಳು. ಬೇಡವೆಂದು ತಲೆಯಾಡಿಸಿದರು. ಬಾತ್‌ರೂಮಿಗೆ ಹೋದರು. ಬಾಗಿಲು ಹಾಕಿಕೊಂಡರು. ಚಿಲಕದ ಸದ್ದು.

ದೊಡ್ಡಮ್ಮ ಹೊರಗೆ ನಿಂತಿದ್ದಾಳೆ, ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ. ನಾನು ಗೋಡೆಗೊರಗಿ ಬರೆಯುತ್ತಿದ್ದೇನೆ. ಅಕ್ಷರ ಮಂಜು ಮಂಜು. ಸಿಂತ್ ನಿಲ್ಲಿಸಲು ಹೋದೆ.

"ಆಫ್ ಮಾಡ್ಬೇಡ ಕಣಮ್ಮ," ಒಳಗಿನಿಂದ ದೊಡ್ಡಪ್ಪನ ದನಿ. "ವಾಪಸ್ ಬರೋಕೂ ಬೇಕು."

ಚಿಲಕ ತೆಗೆದರು. ಬಲಗಾಲು ಹೊರಗೆ. ಎತ್ತರದ ಸ್ವರ ಈ ಸಲ ಎಡಕ್ಕೆ, ಈಗ—